ಎರಡು ಮೊಳೆ, ಒಂದು ದಾರ

ಚೌಡಾಪುರದಲ್ಲಿ ನನ್ನ ದೂರದ ಬಂಧುವೊಬ್ಬ ಮನೆ ಕಟ್ಟಿಸುತ್ತಿದ್ದ. ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೊರಟ ಬಸ್ಸಿನಲ್ಲಿ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ಕೂತಿದ್ದರೆ, ಈ ಊರು ಬಂತೆಂದರೆ ಚೀಲ ಹುಡುಕತೊಡಗುತ್ತಾರೆ. ನಾನು ಇಳಿದು ಹೋದಾಗ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಹುಡುಗ ಪುಣೆಯಲ್ಲಿ ಕೆಲವು ವರ್ಷ ದುಡಿದು ಬಂದವನು. ಗೌಂಡಿಯ ಮುಖದ ಮುಂದೆ ಫೋನು ಹಿಡಿದು ನಿಂತಿದ್ದ. ಪರದೆಯ ಮೇಲೆ ಎತ್ತರದ ಕಿಟಕಿಯೊಂದು. ನೆತ್ತಿ ಚೂಪು, ಒಳಗೆ ಬಣ್ಣದ ಗಾಜು.

‘ಇಂಥದೇ ಆಗಬೇಕು ನೋಡು ಕಾಕಾ. ಇದಕ್ಕ ಗೋಥಿಕ್ ಅಂತಾರ. ಚರ್ಚಿನ್ಯಾಗ ಇರ್ತದ.’

ಕಾಕಾ ಕನ್ನಡಕ ಏರಿಸಿ ನೋಡಿದ. ‘ಚರ್ಚಿಂದು ಯಾಕಾಗ್ತದೋ ತಮ್ಮಾ? ಕಲಬುರಗಿ ಕ್ವಾಟ್ಯಾಗಿನ ಮಸೂತಿಗಿ ಹೋಗಿ ನೋಡು. ಇಂಥವು ಸಾಲಕ್ಕ ಸಾಲ ನಿಂತಾವ.’

ಇಬ್ಬರೂ ಸೋಲುವ ಹಾಗೆ ಕಾಣಲಿಲ್ಲ. ಕೊನೆಗೆ ಕಾಕಾನೇ ವಾದ ಬಿಟ್ಟು ಸೆಂಟ್ರಿಂಗಿನ ಪ್ಲೈವುಡ್ ಹಲಗೆಯೊಂದನ್ನು ಶಹಾಬಾದ್ ಪರಸಿಯ ಮೇಲೆ ಹಾಸಿದ. ಕಿಟಕಿಯ ಅಗಲ 4 ಅಡಿ. ಅಷ್ಟು ದೂರದಲ್ಲಿ ಎರಡು ಮೊಳೆ ಹೊಡೆದ. ಒಂದು ಮೊಳೆಗೆ ದಾರ ಕಟ್ಟಿ, ಇನ್ನೊಂದು ಮೊಳೆಯವರೆಗೆ ಎಳೆದು, ಅಲ್ಲಿ ಪೆನ್ಸಿಲು ಸುತ್ತಿ, ಮೇಲಕ್ಕೆ ಕಮಾನು ಎಳೆದ. ದಾರ ಬಿಚ್ಚಿ ಆ ಕಡೆಯ ಮೊಳೆಗೆ ಕಟ್ಟಿ ಅದನ್ನೇ ಮಾಡಿದ. ಎರಡು ಗೆರೆ ಮೇಲೆ ಹೋಗಿ ಒಂದನ್ನೊಂದು ಕಡಿದವು. ಅಷ್ಟೇ. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

‘ಮೊಳಿ ಒಳಗ ಸರಸಿದ್ರ ಗಿಡ್ಡ ಆಗ್ತದ, ಹೊರಗ ಸರಸಿದ್ರ ಉದ್ದ ಆಗ್ತದ. ಯಾವುದು ಬೇಕು ಹೇಳು’ ಎಂದ.

ಪ್ಯಾರಿಸ್ಸಿನ ಹೊರವಲಯದ ಸೇಂಟ್ ಡೆನಿಸ್ ಚರ್ಚಿನ ಕಮಾನಿಗೂ ಕಲಬುರಗಿ ಕೋಟೆಯ ಕಮಾನಿಗೂ ಮೂಲ ಇದೇ ದಾರ. ಗೋಥಿಕ್ ಎಂದೊಡನೆ ಕಣ್ಣಮುಂದೆ ಬರುವ ಗೋಪುರ, ರೆಕ್ಕೆಯ ವಿಕಾರ ಮೃಗಗಳು, ಬಣ್ಣದ ಗಾಜು ಎಲ್ಲವೂ ಆಮೇಲಿನ ಶೃಂಗಾರ. ಎಲುಬು ಇರುವುದು ಈ ಚೂಪಿನಲ್ಲಿ.

ಒಂದೇ ಮೊಳೆಯನ್ನು ಮಧ್ಯಕ್ಕೆ ಹೊಡೆದು ದಾರ ತಿರುಗಿಸಿದರೆ ಅರ್ಧ ವೃತ್ತ ಬರುತ್ತದೆ. ರೋಮನ್ನರು ಕಟ್ಟಿದ್ದು ಅದನ್ನು. ಅದರ ತೊಂದರೆ ಏನೆಂದರೆ ಅಗಲ ಎಷ್ಟೋ ಎತ್ತರ ಅದರ ಅರ್ಧ. 4 ಅಡಿ ಅಗಲಕ್ಕೆ 2 ಅಡಿ ಎತ್ತರ, ಒಂದು ಗೆಣ್ಣೂ ಹೆಚ್ಚಿಲ್ಲ. ಕಾಕಾ ಎಳೆದ ಕಮಾನು ಅದೇ ಅಗಲಕ್ಕೆ ಸುಮಾರು ಮೂರೂವರೆ ಅಡಿ ಏರಿತ್ತು. ಮೊಳೆ ಸರಿಸಿದರೆ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ಅಗಲಕ್ಕೂ ಎತ್ತರಕ್ಕೂ ಇದ್ದ ಗಂಟು ಬಿಚ್ಚಿತು. ಉದ್ದಗಲ ಬೇರೆಬೇರೆಯಾಗಿರುವ ಅಂಕಣದ ಮೇಲೆ ಕಲ್ಲಿನ ಚಾವಣಿ ಹೊದಿಸುವವನಿಗೆ ಇದು ದೊಡ್ಡ ಬಿಡುಗಡೆ. ಉದ್ದದ ಬದಿಗೆ ಒಂದು ಕಮಾನು, ಅಗಲದ ಬದಿಗೆ ಒಂದು, ಮೂಲೆಯಿಂದ ಮೂಲೆಗೆ ಇನ್ನೊಂದು. ಮೂರರ ಹರವೂ ಬೇರೆ, ಆದರೆ ನೆತ್ತಿಯನ್ನು ಒಂದೇ ಮಟ್ಟಕ್ಕೆ ತರಬಹುದು. ಅರ್ಧ ವೃತ್ತದಲ್ಲಿ ಅದು ಸುಲಭಕ್ಕೆ ಆಗದ ಮಾತು.

ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ. ಕಮಾನು ಭಾರವನ್ನು ಬರೀ ಕೆಳಕ್ಕೆ ಇಳಿಸುವುದಿಲ್ಲ, ಎರಡೂ ಬದಿಗೆ ಒದೆಯುತ್ತದೆ. ನುಣುಪು ಪರಸಿಯ ಮೇಲೆ ಕಾಲು ಅಗಲಿಸಿ ನಿಂತವನ ಪಾದ ಹೇಗೆ ಹೊರಕ್ಕೆ ಜಾರುತ್ತದೋ ಹಾಗೆ. ಕಾಲು ಹತ್ತಿರ ತಂದರೆ ಜಾರು ಕಮ್ಮಿ. ಚೂಪು ಕಮಾನು ಕಾಲು ಹತ್ತಿರ ತಂದು ನಿಂತ ಕಮಾನು. ಒದೆತ ಕಡಿಮೆಯಾದ್ದರಿಂದ ಗೋಡೆಯನ್ನು ತೆಳ್ಳಗೆ ಮಾಡಬಹುದು. ಉಳಿದ ಒದೆತಕ್ಕೆ ಫ್ರಾನ್ಸಿನವರು ಗೋಡೆಯಾಚೆ ಗಾಳಿಯಲ್ಲಿ ತೇಲಿದಂತೆ ಕಾಣುವ ಕಲ್ಲಿನ ಆಸರೆ ಕಟ್ಟಿದರು. ನಮ್ಮ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮೊದಲು ವಾಲಿದ ಮಣ್ಣಿನ ಗೋಡೆಗೆ ಹೊರಗಿನಿಂದ ತೊಲೆ ಆನಿಸುತ್ತಾರಲ್ಲ, ಅದೇ ಯುಕ್ತಿ. ಹೀಗೆ ಭಾರವೆಲ್ಲ ಕಂಬಕ್ಕೆ, ಆಸರೆಗೆ ಹೋದಮೇಲೆ ಗೋಡೆಗೆ ಹೊರುವ ಕೆಲಸವೇ ಉಳಿಯಲಿಲ್ಲ. ಅದನ್ನು ಕಿತ್ತು ಗಾಜು ಕೂಡಿಸಿದರು.

ಸೇಂಟ್ ಡೆನಿಸ್‌ನ ಹೊಸ ಗರ್ಭಾಂಗಣ ಪ್ರತಿಷ್ಠೆಯಾದದ್ದು 1144ರಲ್ಲಿ. ಕಟ್ಟಿಸಿದವನು ಮಠಾಧಿಪತಿ ಸುಜೆ. ಗೋಥಿಕ್ ಇಲ್ಲಿಂದ ಶುರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಟ್ಟಿದವರು ಅದನ್ನು ಗೋಥಿಕ್ ಎಂದು ಕರೆದುಕೊಳ್ಳಲಿಲ್ಲ. ಆ ಹೆಸರು ಬಂದದ್ದು ನಾಲ್ಕು ಶತಮಾನದ ಮೇಲೆ, ಅದೂ ಬೈಗುಳವಾಗಿ. ಇಟಲಿಯ ವಸಾರಿ ಎಂಬ ಚಿತ್ರಕಾರ, ರೋಮ್ ಹಾಳುಮಾಡಿದ ಗೋಥ್ ಎಂಬ ಅನಾಗರಿಕರ ತಲೆಗೆ ಈ ಶೈಲಿಯನ್ನು ಕಟ್ಟಿದ. ಬೈಗುಳವೇ ಹೆಸರಾಗಿ ಉಳಿಯಿತು. ನಮ್ಮಲ್ಲೂ ಮನೆತನಗಳ ಅಡ್ಡಹೆಸರು ಹುಟ್ಟುವುದು ಹೀಗೆಯೇ.

ಚೂಪು ಕಮಾನು ಮಾತ್ರ ಫ್ರಾನ್ಸಿನಲ್ಲಿ ಹುಟ್ಟಿದ್ದಲ್ಲ. ಕೈರೋದ ಇಬ್ನ್ ತುಲೂನ್ ಮಸೀದಿ 879ರಲ್ಲಿ ಮುಗಿಯಿತು. ಅದರ ಅಂಗಳದ ಸುತ್ತ ಇರುವುದೆಲ್ಲ ಚೂಪು ಕಮಾನೇ. ಸೇಂಟ್ ಡೆನಿಸ್‌ಗೆ ಇನ್ನೂರೈವತ್ತು ವರ್ಷಕ್ಕೂ ಹಿಂದೆ. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟೋಫರ್ ರೆನ್, ಗೋಥಿಕ್ ಎಂಬ ಹೆಸರೇ ತಪ್ಪು, ಅರಬರ ಹೆಸರಿನಿಂದ ಕರೆಯಬೇಕಿತ್ತು ಎಂದು ವಾದಿಸಿದ್ದ. ಸಿಸಿಲಿ, ಸ್ಪೇನ್, ಇಟಲಿಯ ಬಂದರುಗಳ ದಾರಿಯಲ್ಲಿ ಆಕಾರ ಉತ್ತರಕ್ಕೆ ಹೋಯಿತೆಂದು ಹೇಳುವ ವಿದ್ವಾಂಸರು ಇಂದಿಗೂ ಇದ್ದಾರೆ. ಎಷ್ಟು ಹೋಯಿತು, ಎಷ್ಟನ್ನು ಅಲ್ಲಿನವರೇ ಕಂಡುಕೊಂಡರು ಎಂಬ ಜಗಳ ಮುಗಿದಿಲ್ಲ. ಆದರೆ ನೆತ್ತಿ ಚೂಪಾದದ್ದೆಲ್ಲ ಚರ್ಚಿನದು ಎಂಬ ನಮ್ಮ ಹುಡುಗನ ನಂಬಿಕೆಗಿಂತ ಕಾಕಾನ ಮಾತೇ ತೂಕದ್ದು.

ಹಾಗಾಗಿ ವಾಪಸು ಹೋಗುವಾಗ ಕಲಬುರಗಿ ಕೋಟೆಗೇ ಹೋದೆ.

ಈ ಸೀಮೆಗೆ ಕಮಾನು ಹೊಸದಾಗಿ ಬಂದದ್ದು. ಕಾಳಗಿಯಲ್ಲೋ ಮತ್ತೆಲ್ಲೋ ಚಾಲುಕ್ಯರ ಕಾಲದ ಗುಡಿಗೆ ಹೋದರೆ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಕಲ್ಲು ಕಲ್ಲಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಯಾರೂ ಯಾರನ್ನೂ ಒದೆಯುವುದಿಲ್ಲ. ಆ ಕಟ್ಟಡಕ್ಕೆ ಅದರದೇ ನೆಮ್ಮದಿ. ತೊಲೆಗಲ್ಲು ಎಷ್ಟು ಉದ್ದ ಸಿಕ್ಕುತ್ತದೋ ಕಂಬಗಳ ನಡುವಿನ ಅಂತರ ಅಷ್ಟೇ. 1347ರಲ್ಲಿ ಬಹಮನಿ ರಾಜ್ಯ ಎದ್ದಮೇಲೆ ದಿಲ್ಲಿಯಿಂದ, ಇರಾನಿನಿಂದ ಕಮಾನಿನ ಕಸುಬು ಬಂತು. ಸಣ್ಣ ಸಣ್ಣ ಕಲ್ಲನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ ದೊಡ್ಡ ಹರವು ದಾಟುವ ಕಸುಬು.

ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಇರಾನಿನ ಕಜ್ವೀನ್ ಊರಿನ ರಫಿ ಕಟ್ಟಿದ್ದು ಎಂದು ಶಾಸನವಿದೆ. ಉದ್ದ 216 ಅಡಿ, ಅಗಲ 176. ಇಷ್ಟು ದೊಡ್ಡ ಮಸೀದಿಗೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿಲ್ಲ. ಪೂರ್ತಿ ಮೇಲು ಹೊದಿಸಿದ್ದಾರೆ. ಸಾಲು ಸಾಲಾಗಿ 63 ಸಣ್ಣ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಪಶ್ಚಿಮದಲ್ಲಿ ಒಂದು ದೊಡ್ಡದು. ಸ್ಪೇನಿನ ಕೋರ್ದೋಬಾ ಮಸೀದಿಯ ನಕಲು ಇದು ಎಂದು ಗೈಡುಗಳು ಹೇಳುತ್ತಾರೆ, ಪ್ರವಾಸಿ ಪುಸ್ತಕಗಳೂ ಬರೆಯುತ್ತವೆ. ನನಗೆ ಒಪ್ಪಿಗೆಯಿಲ್ಲ. ಅಲ್ಲಿನದು ಕುದುರೆ ಲಾಳದ ಕಮಾನು, ಒಂದರ ಮೇಲೊಂದು ಎರಡು ಅಂತಸ್ತು, ಕೆಂಪು ಬಿಳಿ ಪಟ್ಟೆ. ಇಲ್ಲಿ ಪಟ್ಟೆಯಿಲ್ಲ, ಲಾಳವಿಲ್ಲ. ದೂರದ ದೊಡ್ಡ ಮನೆಯ ಹೆಸರು ಹೇಳಿದರೆ ನಮ್ಮ ಮನೆಯ ಬೆಲೆ ಏರುತ್ತದೆಂಬ ಹಳೇ ಚಟ.

ಒಳಗೆ ಕಾಲಿಟ್ಟಾಗ ಮೊದಲು ತಟ್ಟುವುದು ತಂಪು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಪರಸಿಯ ಮೇಲೆ ಬರಿಗಾಲು ಇಟ್ಟರೆ ಸುಡುತ್ತಿತ್ತು. ನಾಲ್ಕು ಹೆಜ್ಜೆ ಒಳಗೆ ಹೋದರೆ ನೆಲ ತಣ್ಣಗಿದೆ. ದಪ್ಪನೆಯ ಚೌಕ ಕಂಬಗಳು, ಗಿಲಾವ್ ಮಾಡಿ ಸುಣ್ಣ ಬಳಿದವು, ಒಂದು ಹೂವಿನ ಕೆತ್ತನೆಯೂ ಇಲ್ಲ. ಕಂಬದಿಂದ ಕಂಬಕ್ಕೆ ಚೂಪು ಕಮಾನು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಲು ಮುರಿಯುತ್ತದೆ, ಇನ್ನೊಂದು ಹೆಜ್ಜೆಗೆ ಮತ್ತೆ ಕೂಡುತ್ತದೆ. ಹುಡುಗರಿಬ್ಬರು ಫೋಟೊ ತೆಗೆಯಲು ಇದೇ ಆಟ ಆಡುತ್ತಿದ್ದರು.

ಆದರೆ ಇದರ ನಿಜವಾದ ಧೈರ್ಯ ಇರುವುದು ಬದಿಯ ಓಣಿಗಳಲ್ಲಿ. ಅಲ್ಲಿನ ಕಮಾನು ಬಹಳ ಅಗಲ, ಅದು ಹುಟ್ಟುವ ಜಾಗ ನೆಲಕ್ಕೆ ಬಹಳ ಹತ್ತಿರ. ಕಂಬ ಎಂಬುದು ಗಿಡ್ಡ ಬೊಡ್ಡೆ ಮಾತ್ರ. ಅಲ್ಲಿಂದಲೇ ಕಮಾನು ಹೊರಟು, ಡೇರೆಯ ಬಟ್ಟೆಯ ಹಾಗೆ ಹರಡಿ, ದೂರದ ಇನ್ನೊಂದು ಬೊಡ್ಡೆಗೆ ಇಳಿಯುತ್ತದೆ. ಕಾಕಾನ ಮಾತಿನಲ್ಲಿ ಹೇಳಿದರೆ ಮೊಳೆಗಳನ್ನು ಒಳಕ್ಕೆ ಸರಿಸಿ ಎಳೆದದ್ದು. ಇದರ ಮುಂದೆ ನಿಂತಾಗ ಆರೂವರೆ ಶತಮಾನ ದಾಟಿದ ಕಟ್ಟಡ ಎನಿಸುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಾಂಕ್ರೀಟಿನ ಮಹಾಶಯನೊಬ್ಬ ಕಟ್ಟಿದ ವಿಮಾನ ನಿಲ್ದಾಣ ಎಂದರೆ ನಂಬಬಹುದು.

ಫ್ರಾನ್ಸಿನವರು ಚೂಪು ಕಮಾನು ಹಿಡಿದು ಮೇಲಕ್ಕೆ ಹೋದರು. ಅವರ ಆಕಾಶ ಮಬ್ಬು, ಬೆಳಕಿಗೆ ಬರ. ಬೋವೆ ಎಂಬ ಊರಿನಲ್ಲಿ ಚಾವಣಿಯನ್ನು 48 ಮೀಟರ್ ಎತ್ತರಕ್ಕೆ ಏರಿಸಿದರು. 1284ರಲ್ಲಿ ಒಂದು ಭಾಗ ಕುಸಿಯಿತು. ಕಲಬುರಗಿಯ ರಫಿ ಅದೇ ಕಮಾನನ್ನು ಅಡ್ಡಕ್ಕೆ ಹಾಸಿದ. ಇಲ್ಲಿ ಬರ ಇರುವುದು ನೆರಳಿಗೆ. ಬೆಳಕು ಮೂರು ಬದಿಯಿಂದ ತಗ್ಗಿ ಬಗ್ಗಿ ಒಳಗೆ ಬರುತ್ತದೆ, ನೆಲಕ್ಕೆ ಬಿದ್ದು ಅಲ್ಲಿಂದ ಗೋಡೆಗೆ ಏರುತ್ತದೆ.

ಭೀಮೆ ದಾಟಿ ವಿಜಯಪುರಕ್ಕೆ ಹೋದರೆ ಇನ್ನೊಬ್ಬ ನೆಂಟ ಸಿಗುತ್ತಾನೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಏರಿ ಕೂಗುವವರು ಬಹಳ. ಕೆಳಗೆ ನಿಂತು ಮೂಲೆಗಳನ್ನು ನೋಡುವವರು ಕಡಿಮೆ. ಗುಮ್ಮಟದ ಹೊರವ್ಯಾಸ 44 ಮೀಟರ್. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನ್ನು ಕೂಡಿಸಲು ಎಂಟು ಚೂಪು ಕಮಾನುಗಳನ್ನು ಒಂದನ್ನೊಂದು ಹೆಣೆದಂತೆ ದಾಟಿಸಿದ್ದಾರೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟು ರಂಗೋಲಿ ಹಾಕಿದಂತೆ. ಆ ಹೆಣಿಗೆ ಒಳಮುಖವಾಗಿ ಚಾಚಿಕೊಂಡಿದೆ. ಗುಮ್ಮಟ ಹೊರಕ್ಕೆ ಒದ್ದರೆ ಈ ಚಾಚಿನ ಭಾರ ಒಳಕ್ಕೆ ಎಳೆಯುತ್ತದೆ. ಫ್ರಾನ್ಸಿನವರು ಹೊರಗೆ ಆಸರೆ ಕಟ್ಟಿ ಬಗೆಹರಿಸಿದ ಲೆಕ್ಕವನ್ನು ಆದಿಲ್‌ಶಾಹಿ ಗೌಂಡಿಗಳು ಒಳಗೇ ಮುಗಿಸಿದರು. 1656ರಲ್ಲಿ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ. ಗೋರಿಯ ಅಲಂಕಾರದ ಕೆಲಸ ಪೂರ್ತಿಯಾಗಲಿಲ್ಲ. ಲೆಕ್ಕ ಮಾತ್ರ ಪೂರ್ತಿಯಾಗಿತ್ತು.

ಹಾಗಾದರೆ ನಮ್ಮ ಹುಡುಗನ ಗೋಥಿಕ್? ಚರ್ಚಿನ ಗೋಥಿಕ್ ಈ ಭಾಗದವರ ಕಣ್ಣಿಗೆ ಬಿದ್ದದ್ದು ಚರ್ಚಿನಲ್ಲಲ್ಲ, ರೈಲು ನಿಲ್ದಾಣದಲ್ಲಿ. 1871ರಲ್ಲಿ ಮುಂಬಯಿ ಕಡೆಯ ಜಿ.ಐ.ಪಿ. ರೈಲು ಮತ್ತು ಮದರಾಸಿನ ರೈಲು ರಾಯಚೂರಿನಲ್ಲಿ ಕೂಡಿದವು. ಕಲಬುರಗಿ ಆ ದಾರಿಯ ಮೇಲೆ ಬಿತ್ತು. ಅಲ್ಲಿಂದ ಮುಂದೆ ಮಳೆ ಕೈಕೊಟ್ಟ ವರ್ಷ ಆಳಂದ, ಅಫಜಲಪುರ, ಜೇವರ್ಗಿಯಿಂದ ಗಂಟುಮೂಟೆ ಕಟ್ಟಿದವರಿಗೆ ದಾರಿಯ ಕೊನೆಯ ನಿಲ್ದಾಣ ಮುಂಬಯಿಯ ವಿ.ಟಿ. ಹೆಸರು ಬದಲಾಗಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಆಗಿದ್ದರೂ ನಮ್ಮ ಕಡೆ ಹಳಬರ ಬಾಯಲ್ಲಿ ಅದು ವಿ.ಟಿ.ಯೇ.

ಎಫ್. ಡಬ್ಲ್ಯು. ಸ್ಟೀವನ್ಸ್ ಅದನ್ನು ಕಟ್ಟಲು ಶುರು ಮಾಡಿದ್ದು 1878ರಲ್ಲಿ, ಮುಗಿದದ್ದು 1888ರಲ್ಲಿ. ಖರ್ಚು ಸುಮಾರು 16 ಲಕ್ಷ ರೂಪಾಯಿ. ಒಂದು ಹೊಂದಾಣಿಕೆ ನೋಡಿ: ಜರ್ಮನಿಯ ಕೊಲೋನ್‌ನಲ್ಲಿ 1248ರಲ್ಲಿ ಆರಂಭವಾಗಿ, ಮಧ್ಯೆ ಶತಮಾನಗಟ್ಟಲೆ ನಿಂತುಹೋಗಿದ್ದ ಕ್ಯಾಥೆಡ್ರಲ್ ಮುಗಿದದ್ದು 1880ರಲ್ಲಿ. ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿ ಚರ್ಚು ಈಗಿನ ರೂಪಕ್ಕೆ ಬಂದದ್ದು 1882ರಲ್ಲಿ. ಉಗಿಬಂಡಿಯ ಶತಮಾನಕ್ಕೆ ಏಕಾಏಕಿ ಹದಿಮೂರನೆಯ ಶತಮಾನದ ಹುಚ್ಚು ಹಿಡಿದಿತ್ತು. ಕಾರ್ಖಾನೆಯ ಹೊಗೆಯಿಂದ ಬೇಸತ್ತವರು ಹಳೆಯ ಕಲ್ಲಿನ ಕಡೆ ತಿರುಗಿದರು. ಆದರೆ ಆ ಹಳೆಯ ಕಲ್ಲಿನ ಹಿಂದೆ ಕಟ್ಟಿದ್ದು ಕಬ್ಬಿಣದ ರೈಲು ಷೆಡ್ಡು. ವಿ.ಟಿ. ಎಂಬುದು ಆ ವಿರೋಧಾಭಾಸವೇ ಮೈವೆತ್ತು ನಿಂತದ್ದು.

ಅದರ ಕೆತ್ತನೆ ಮಾಡಿದವರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳಿದ್ದರು. ಹಾಗಾಗಿಯೇ ಅಲ್ಲಿ ನವಿಲು ಗರಿಗೆದರಿದೆ, ಎಲೆಗಳ ನಡುವೆ ಅಳಿಲು ಹರಿಯುತ್ತದೆ. ದ್ವಾರದ ಕಂಬದ ಮೇಲೆ ಒಂದು ಕಡೆ ಇಂಗ್ಲೆಂಡಿನ ಸಿಂಹ, ಇನ್ನೊಂದು ಕಡೆ ಇಲ್ಲಿನ ಹುಲಿ. ಮೇಲೆ ಬಾಯಿ ತೆರೆದು ಕೊರಳು ಚಾಚಿದ ಮೃಗಗಳು. ಯುರೋಪಿನ ಚರ್ಚುಗಳಲ್ಲಿ ಅಂಥವುಗಳ ಕೆಲಸ ಮಳೆನೀರನ್ನು ಗೋಡೆಯಿಂದ ದೂರಕ್ಕೆ ಉಗುಳುವುದು, ನಮ್ಮ ಮಾಳಿಗೆ ಮನೆಯ ದೋಣಿಯ ಹಾಗೆ. ಮೊದಲ ಸಲ ಅಲ್ಲಿ ಇಳಿದಾಗ ನಾನು ಹತ್ತು ವರ್ಷದವನು. ಜೊತೆಗಿದ್ದ ಚಿಗವ್ವ ಕತ್ತೆತ್ತಿ ನೋಡಿ, ‘ಇದು ಯಾ ದೇವರ ಗುಡಿ?’ ಎಂದು ಕೇಳಿದಳು. ಹಮಾಲ ನಕ್ಕ. ಈಗ ಯೋಚಿಸಿದರೆ ನಗುವಂಥದ್ದೇನೂ ಇರಲಿಲ್ಲ. ಕಟ್ಟಿದವನ ಉದ್ದೇಶವೂ ಅದೇ: ರೈಲಿಗೆ ಗುಡಿ. ಗುಮ್ಮಟದ ನೆತ್ತಿಯ ಮೇಲೆ ನಿಂತಿರುವ ಕಲ್ಲಿನ ಹೆಂಗಸಿನ ಹೆಸರು ‘ಪ್ರಗತಿ’.

ಮುಂದೆ ನಿಜಾಮನ ಸೀಮೆಯಲ್ಲೂ ಒಂದು ದೊಡ್ಡ ಗೋಥಿಕ್ ಎದ್ದಿತು. ಕಲಬುರಗಿಯಂತೆ ಮೆದಕ್ ಕೂಡ ಆ ಸಂಸ್ಥಾನದ್ದೇ. ಚಾರ್ಲ್ಸ್ ಪಾಸ್ನೆಟ್ ಎಂಬ ಪಾದ್ರಿ ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲೆಂದು ಶುರುಮಾಡಿದ ಚರ್ಚು ಅದು. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಯಾಯಿತು. ಚೂಪು ಕಮಾನಿನ ಕೆಳಗೆ ಅನ್ನ ಬೆಂದ ಕಥೆ ಅದರದು.

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಕಥೆ ಇದಕ್ಕೆ ತದ್ವಿರುದ್ಧ, ರಾಜಾಶ್ರಯದ್ದು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ನಕ್ಷೆ ಡೇಲಿ ಎಂಬ ಫ್ರೆಂಚನದು, ಮಾದರಿ ಕೊಲೋನ್. ಅವಳಿ ಗೋಪುರ 175 ಅಡಿ. ಕಾಂಕ್ರೀಟು, ಉಕ್ಕು ಎಲ್ಲ ಕೈಗೆ ಬಂದಿದ್ದ ಕಾಲದಲ್ಲಿ ಹದಿಮೂರನೆಯ ಶತಮಾನದ ವೇಷ. ಸುಂದರ, ಒಪ್ಪುತ್ತೇನೆ. ಸಂಜೆ ಬೆಳಕಿನಲ್ಲಂತೂ ಗೋಪುರಗಳ ಮೇಲಿಂದ ಕಣ್ಣು ಕೀಳಲಾಗದು. ಆದರೂ ಗೋಥಿಕ್ ಹೇಗೆ ನಿಲ್ಲುತ್ತದೆ ಎಂದು ತಿಳಿಯಬೇಕಾದವರು ಮೈಸೂರಿಗಿಂತ ಹಾಸನದ ಬಳಿಯ ಶೆಟ್ಟಿಹಳ್ಳಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಅಲ್ಲಿರುವುದು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದು ಊರು ಎದ್ದುಹೋಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ನೀರು ಏರಿ ಕಮಾನುಗಳ ಅರ್ಧಕ್ಕೆ ಬರುತ್ತದೆ; ಬೇಸಿಗೆಗೆ ಇಳಿದು ಕೆಸರು ಬಿಡುತ್ತದೆ. ಚಾವಣಿ ಯಾವತ್ತೋ ಹೋಗಿದೆ. ಗಿಲಾವ್ ಉದುರಿ ಇಟ್ಟಿಗೆ ಹೊರಬಿದ್ದಿದೆ. ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ನಾನು ಹೋದದ್ದು ಏಪ್ರಿಲಿನಲ್ಲಿ. ಒಂದು ಕಮಾನಿನ ಬುಡದಲ್ಲಿ ಬೆರಳಿಟ್ಟು ನೋಡಿದೆ. ಎರಡು ಇಟ್ಟಿಗೆಗಳ ನಡುವಿನ ಗಾರೆ ನೀರಿಗೆ ಕರಗಿ ಬೆರಳು ಒಳಗೆ ಹೋಗುವಷ್ಟು ಸಂದಾಗಿತ್ತು. ಆದರೂ ಕಮಾನು ನಿಂತಿದೆ. ಅಂಟು ಇಲ್ಲದಿದ್ದರೂ ಒತ್ತಡ ಇದೆ. ಭಾರವೇ ಅದನ್ನು ಹಿಡಿದಿದೆ. ಬಣ್ಣ, ಗಾಜು, ಪೀಠ, ಶಿಲುಬೆ ಎಲ್ಲ ಕಳಚಿದ ಮೇಲೆ ಅಸ್ಥಿಪಂಜರ ಕಾಣುತ್ತದೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳೂ ಅಲ್ಲಿಗೇ ಬರುತ್ತವೆ. ಅವರಿಗೆ ಬೇಕಾದದ್ದು ಬೇರೆ.

ಈ ಅಸ್ಥಿಪಂಜರವನ್ನು ಬರೀ ವೇಷವೆಂದು ನೋಡದೆ ಓದಲು ಕೂತವರಿಂದಲೇ ಇವತ್ತಿನ ವಿನ್ಯಾಸ ಹುಟ್ಟಿದ್ದು. ಫ್ರಾನ್ಸಿನ ವಯೊಲೆ ಲ ಡ್ಯುಕ್ ಎಂಬ ವಾಸ್ತುಶಿಲ್ಪಿ ಪ್ಯಾರಿಸ್ಸಿನ ನಾತ್ರ ದಾಮ್ ಚರ್ಚನ್ನು ದುರಸ್ತಿ ಮಾಡಿದವನು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಇಡೀ ಜಗತ್ತು ನೋಡುತ್ತಿದ್ದಂತೆ ಮುರಿದುಬಿದ್ದ ಶಿಖರ ಅವನದೇ. ಗೋಥಿಕ್‌ನಲ್ಲಿ ಪ್ರತಿ ಕಲ್ಲಿಗೂ ಒಂದು ಕೆಲಸವಿದೆ, ಅದೇ ತರ್ಕವನ್ನು ಕಬ್ಬಿಣಕ್ಕೆ ಹಚ್ಚಿ ಎಂದು ಅವನು ಬರೆದ. ಕಂಬ ಭಾರ ಹೊರಲಿ, ಗೋಡೆ ಪರದೆಯಾಗಲಿ. ಬೆಂಗಳೂರಿನ ಐಟಿ ಕಂಪನಿಗಳ ಗಾಜಿನ ಗೋಡೆ ಈ ಮಾತಿನ ಮರಿಮೊಮ್ಮಗಳು. ಮೊಮ್ಮಗಳು ಅಜ್ಜಿಯ ಬುದ್ಧಿ ಮರೆತಿದ್ದಾಳೆ, ಅದು ಬೇರೆ ಮಾತು. ಮಬ್ಬು ಆಕಾಶದ ನಾಡಿನವರು ಬೆಳಕಿಗಾಗಿ ಗೋಡೆ ಕಿತ್ತರು. 42 ಡಿಗ್ರಿ ದಾಟುವ ಕಲಬುರಗಿಯಲ್ಲೂ ಈಗ ಅಂಗಡಿ ಮುಂಗಟ್ಟುಗಳು ಪಶ್ಚಿಮಕ್ಕೆ ಗಾಜು ಹೊದ್ದು, ಒಳಗೆ ಎಸಿ ಹಚ್ಚಿ, ಪರದೆ ಎಳೆದು, ಮೇಲೆ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿವೆ. ರಫಿ ನೋಡಿದ್ದರೆ ಏನನ್ನುತ್ತಿದ್ದನೋ.

ಇವತ್ತಿನ ವಿನ್ಯಾಸಕ್ಕೆ ಬಂದ ಇನ್ನೊಂದು ದಾರಿ ಇಂಗ್ಲೆಂಡಿನ ರಸ್ಕಿನ್‌ನದು. ಗಾಂಧೀಜಿ 1904ರಲ್ಲಿ ರೈಲಿನಲ್ಲಿ ಓದಿ ಸರ್ವೋದಯದ ದಾರಿ ಹಿಡಿದರಲ್ಲ, ಆ ಪುಸ್ತಕದ ಲೇಖಕ. ಅವನು ಅದಕ್ಕೂ ಮೊದಲು, 1850ರ ದಶಕದ ಆರಂಭದಲ್ಲಿ, ವೆನಿಸ್ಸಿನ ಕಟ್ಟಡಗಳ ಮೇಲೆ ಬರೆದ ಗ್ರಂಥದಲ್ಲಿ ಗೋಥಿಕ್‌ಗೊಂದು ಅಧ್ಯಾಯ ಮೀಸಲಿಟ್ಟಿದ್ದ. ಅದರ ಒರಟು ಕೆತ್ತನೆಯಲ್ಲಿ ಕೆಲಸಗಾರನ ಕೈ ಸ್ವತಂತ್ರವಾಗಿದೆ, ಯಂತ್ರದ ನುಣುಪಿನಲ್ಲಿ ಅವನು ಆಳಾಗಿದ್ದಾನೆ ಎಂಬುದು ಅವನ ವಾದ. ವಿಲಿಯಂ ಮಾರಿಸ್ ಅದನ್ನು ನೆಯ್ಗೆಗೆ, ಕುರ್ಚಿಗೆ, ಪುಸ್ತಕದ ಅಚ್ಚಿಗೆ ತಂದ. ಜರ್ಮನಿಯಲ್ಲಿ 1919ರಲ್ಲಿ ಬೌಹೌಸ್ ಶಾಲೆ ತೆರೆದಾಗ ಅದರ ಘೋಷಣಾಪತ್ರದ ಮುಖಪುಟಕ್ಕೆ ಫೈನಿಂಗರ್ ಮಾಡಿದ ಮರದಚ್ಚಿನ ಚಿತ್ರ ಯಾವುದು ಗೊತ್ತೇ? ಒಂದು ಕ್ಯಾಥೆಡ್ರಲ್. ಸ್ಟೀಲ್ ಪೈಪಿನ ಕುರ್ಚಿಗೆ, ಅಲಂಕಾರವಿಲ್ಲದ ಬಿಳಿ ಗೋಡೆಗೆ ಹೆಸರಾದ ಶಾಲೆ ಶುರುವಾದದ್ದು ಗೋಥಿಕ್ ಗೋಪುರದ ಚಿತ್ರದಿಂದ.

ಮೂರನೆಯ ದಾರಿ ನನಗೆ ಬಹಳ ಇಷ್ಟದ್ದು, ಏಕೆಂದರೆ ಅದನ್ನು ಮನೆಯಲ್ಲೇ ಮಾಡಿ ನೋಡಬಹುದು. ಎತ್ತಿನ ಕೊರಳ ಸರಪಳಿ ಇದ್ದರೆ ಅದರ ಎರಡೂ ತುದಿ ಹಿಡಿದು ಜೋಲುಬಿಡಿ. ಅದು ತಾನಾಗಿ ಒಂದು ಆಕಾರಕ್ಕೆ ಬಂದು ನಿಲ್ಲುತ್ತದೆ. ಆ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಅದೇ ಗಟ್ಟಿ ಕಮಾನು. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಇದನ್ನು ಕಂಡುಕೊಂಡು, ಯಾರೂ ಕದಿಯದಿರಲಿ ಎಂದು ಲ್ಯಾಟಿನ್ ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚುಹಾಕಿಸಿದ. ಬಾರ್ಸಿಲೋನಾದ ಗೌದಿ ಚಾವಣಿಯಿಂದ ದಾರಗಳನ್ನು ಜೋಲುಬಿಟ್ಟು, ಸೀಸದ ಗುಂಡಿನ ಸಣ್ಣ ಚೀಲ ಕಟ್ಟಿ, ಇಡೀ ಚರ್ಚಿನ ಮಾದರಿಯನ್ನು ತಲೆಕೆಳಗಾಗಿ ತೂಗಿಸಿದ. ಗೋಥಿಕ್ ಮೇಲೆ ಅವನಿಗೆ ಭಕ್ತಿಯೂ ಇತ್ತು, ತಕರಾರೂ ಇತ್ತು. ಹೊರಗಿನ ಆಸರೆಗಳನ್ನು ಊರುಗೋಲು ಎಂದು ಮೂದಲಿಸುತ್ತಿದ್ದ.

ಜೂರಿಕ್‌ನ ತಾಂತ್ರಿಕ ವಿದ್ಯಾಲಯದ ಸಂಶೋಧಕರು ಈಗ ಆ ದಾರದ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಾರೆ. 2016ರಲ್ಲಿ ವೆನಿಸ್ಸಿನಲ್ಲಿ ಅವರು ಮತ್ತವರ ಜೊತೆಗಾರರು 399 ಸುಣ್ಣಗಲ್ಲಿನ ತುಂಡು ಜೋಡಿಸಿ ಒಂದು ಚಪ್ಪರ ನಿಲ್ಲಿಸಿದರು. ಗಾರೆಯಿಲ್ಲ, ಅಂಟಿಲ್ಲ, ಕಲ್ಲಿನೊಳಗೆ ಕಬ್ಬಿಣವಿಲ್ಲ. ಕೆಲವು ಕಡೆ ಕಲ್ಲಿನ ದಪ್ಪ ಬರೀ 5 ಸೆಂಟಿಮೀಟರ್. ಆ ಫೋಟೊ ನೋಡಿದಾಗ ನನಗೆ ನೆನಪಾದದ್ದು ಕಲಬುರಗಿಯ ಬದಿಯ ಓಣಿ. ಮತ್ತು ನಮ್ಮ ಪಡಸಾಲೆಯ ಪರಸಿ. ಶಹಾಬಾದ್ ಕಲ್ಲೂ ಸುಣ್ಣಗಲ್ಲೇ. ಹೆಚ್ಚುಕಡಿಮೆ ಅಷ್ಟೇ ದಪ್ಪ. ನಾವು ಅದನ್ನು ಯಾವಾಗಲೂ ಮಲಗಿಸಿಯೇ ಇಟ್ಟಿದ್ದೇವೆ.

ಚೌಡಾಪುರಕ್ಕೆ ಮತ್ತೆ ಹೋದಾಗ ಕಿಟಕಿ ಎದ್ದಿತ್ತು. ಹುಡುಗ ಖುಷಿಯಾಗಿದ್ದ. ಬಣ್ಣದ ಗಾಜಿನ ಬದಲು ಬಣ್ಣದ ಸ್ಟಿಕ್ಕರು ಹಚ್ಚಿದ ಗಾಜು. ಕಮಾನಿನ ಮೇಲೆ, ಒಂದು ಗೇಣು ಬಿಟ್ಟು, ಸಪಾಟಾದ ಕಾಂಕ್ರೀಟ್ ಲಿಂಟಲ್.

‘ಕಾಕಾ, ಲಿಂಟಲ್ ಹಾಕಿದ ಮ್ಯಾಲ ಕಮಾನಿಗಿ ಏನ್ ಕೆಲಸ?’

‘ಏನೂ ಇಲ್ರಿ ಸರ. ಭಾರೆಲ್ಲ ಲಿಂಟಲ್ ಹೊರ್ತದ. ಇದು ಬರೇ ನೋಡ್ಲಾಕ.’

ಕಲ್ಲಿನಲ್ಲಿ ಕಟ್ಟಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದ. ಸಣ್ಣವನಿದ್ದಾಗ ಅಪ್ಪನ ಜೊತೆ ಒಂದು ಅಗಸಿಯ ಕಮಾನು ರಿಪೇರಿ ಮಾಡಿದ್ದನಂತೆ. ‘ಆದ್ರ ಈಗ ಕಲ್ಲ ಒಡ್ಯಾವನ ಕೂಲಿ ಯಾರ್ ಕೊಡ್ತಾರ್ರೀ? ಲಿಂಟಲ್ ಒಂದು ದಿನದ ಕೆಲಸ.’ ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹೊರಡುವ ಮೊದಲು ಅವನೇ ಕರೆದುಕೊಂಡು ಹೋಗಿ ದೇವರ ಕೋಣೆ ತೋರಿಸಿದ. ಗೋಡೆಯಲ್ಲಿ ಒಂದು ದೀಪದ ಗೂಡು, ಒಂದೂವರೆ ಅಡಿ ಅಗಲ. ಎರಡೂ ಬದಿಯಿಂದ ಇಟ್ಟಿಗೆಗಳನ್ನು ಬೆಣೆಯಂತೆ ಕೆತ್ತಿ, ಒಂದಕ್ಕೊಂದು ವಾಲಿಸಿ, ನೆತ್ತಿಯಲ್ಲಿ ಚೂಪಾಗಿ ಕೂಡಿಸಿದ್ದ. ಆಸರೆಗೆ ಕೊಟ್ಟಿದ್ದ ಹಲಗೆಯನ್ನು ಆಗಷ್ಟೇ ತೆಗೆದಿದ್ದ. ಮೇಲೆ ಎಂಟು ಅಡಿ ಗೋಡೆ.

‘ಇದಕ್ಕ ಲಿಂಟಲ್?’

‘ಇಷ್ಟ ಸಣ್ಣದಕ್ಕ ಲಿಂಟಲ್ ಯಾಕ್ರೀ?’ ಎಂದು ಗೂಡಿನ ನೆತ್ತಿಯನ್ನು ಅಂಗೈಯಿಂದ ಎರಡು ಸಲ ಬಡಿದ.

ಗೃಹಪ್ರವೇಶದ ದಿನ ಹೋದಾಗ ಅಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ಹೊಸ ಸುಣ್ಣದ ಮೇಲೆ ಹೊಗೆಯ ಕರಿ ಆಗಲೇ ಎರಡೂ ಬದಿಯಿಂದ ಏರಿ ಚೂಪಿನಲ್ಲಿ ಕೂಡಿತ್ತು.